ತಮ್ಮನಿಗೆ ಡೆಲಿವರಿ ಕೆಲಸದಲ್ಲಿ ಆಕ್ಸಿಡೆಂಟ್ ಆಗಿದೆ, ಆ್ಯಪ್‌ನವರು ಇನ್ಶೂರೆನ್ಸ್ ಬರಲ್ಲ ಅಂತಿದ್ದಾರೆ. ಪರಿಹಾರಕ್ಕೆ ಬೇರೆ ದಾರಿ ಇದೆಯಾ?

ಹಾಸನದ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಾನೆ. ಕಳೆದ ತಿಂಗಳು ರಾತ್ರಿ ಹೆಣ್ಣೂರು ಕಡೆ ಆರ್ಡರ್ ಕೊಟ್ಟು ವಾಪಸ್ ಬರುತ್ತಿದ್ದಾಗ ಒಂದು ಕಾರು ಇಂಡಿಕೇಟರ್ ಹಾಕದೆ ಯೂ ಟರ್ನ್ ತಗೊಂಡು ಗುದ್ದಿದೆ. ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿವೆ. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಈಗ ಊರಿಗೆ ಕರೆದುಕೊಂಡು ಬಂದಿದ್ದೇವೆ. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವುದೇ ಅವನಿಗೆ ದೊಡ್ಡ ಕೆಲಸ.

ಆಸ್ಪತ್ರೆ ಬಿಲ್ 2 ಲಕ್ಷ ದಾಟಿದೆ. ಅಮ್ಮನ ಸರ ಅಡ ಇಟ್ಟು, ಸಂಘದಲ್ಲಿ ಸಾಲ ತೆಗೆದು ಕಟ್ಟಿದ್ದೇವೆ. ಆ್ಯಪ್‌ನವರಿಗೆ ಇನ್ಶೂರೆನ್ಸ್ ಕೇಳಿದರೆ, ಆ ಆರ್ಡರ್ ಡೆಲಿವರಿ ಆಗಿ ಮುಗಿದಿತ್ತು, ಮುಂದಿನ ಆರ್ಡರ್ ತಗೊಂಡಿರಲಿಲ್ಲ, ಹಾಗಾಗಿ ಕವರ್ ಆಗಲ್ಲ ಅಂದರು. ಅದೂ ಚಾಟ್‌ನಲ್ಲಿ. ಫೋನ್‌ಗೆ ಒಬ್ಬ ಮನುಷ್ಯ ಸಿಗಲಿಲ್ಲ.

ಕಾರಿನವರು ಕೆಟ್ಟವರಲ್ಲ. ಅವರೇ ಆಸ್ಪತ್ರೆಗೆ ಸೇರಿಸಿ 20 ಸಾವಿರ ಕೊಟ್ಟಿದ್ದಾರೆ. ಇನ್ನೂ 30 ಸಾವಿರ ಕೊಡ್ತೀನಿ, ಪೊಲೀಸ್ ಕೇಸ್ ಬೇಡ, ರಾಜಿ ಪತ್ರಕ್ಕೆ ಸಹಿ ಹಾಕಿ ಅಂತಿದ್ದಾರೆ. ಅಪ್ಪ ಸಹಿ ಹಾಕೋಣ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಎಫ್‌ಐಆರ್ ಇನ್ನೂ ಆಗಿಲ್ಲ. ಬೈಕ್ ತಮ್ಮನದೇ, ಬಿಳಿ ಬೋರ್ಡ್. ಲೈಸೆನ್ಸ್, ಇನ್ಶೂರೆನ್ಸ್ ಎರಡೂ ಇವೆ. ಏನು ಮಾಡಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ರೈಡರ್ ಬರೆದದ್ದು:

ಅಕ್ಕ, ಮೊದಲು ಒಂದು ಕೆಲಸ ಮಾಡಿ. ತಮ್ಮನ ಫೋನ್ ತಗೊಂಡು ಆ್ಯಪ್ ತೆಗೆಯಿರಿ. ಪೇಔಟ್ ಅಂತ ಇರುತ್ತೆ. ವಾರವಾರದ ದುಡ್ಡಿನ ಲೆಕ್ಕ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಆ ದಿನದ ಟ್ರಿಪ್ ಹಿಸ್ಟರಿ, ಲಾಗಿನ್ ಆದ ಸಮಯ, ಕೊನೆ ಆರ್ಡರ್ ಎಷ್ಟು ಗಂಟೆಗೆ ಮುಗೀತು, ಅದೂ ಬೇಕು. ತುಂಬಾ ದಿನ ಲಾಗಿನ್ ಆಗದೆ ಇದ್ದರೆ ಐಡಿ ಬ್ಲಾಕ್ ಆಗಬಹುದು. ಆಮೇಲೆ ಒಳಗೆ ಹೋಗೋಕೇ ಆಗಲ್ಲ. ನಮ್ಮ ಹುಡುಗರಲ್ಲಿ ಒಬ್ಬನಿಗೆ ಹಾಗೇ ಆಯ್ತು. ತಿಂಗಳಿಗೆ ಎಷ್ಟು ದುಡಿಯುತ್ತಿದ್ದ ಅಂತ ತೋರಿಸೋಕೆ ಬ್ಯಾಂಕ್ ಪಾಸ್‌ಬುಕ್ ಒಂದೇ ಉಳಿದದ್ದು.

ಆ್ಯಪ್‌ನವರ ಜೊತೆ ಆದ ಚಾಟ್ ಕೂಡ ತೆಗೆದಿಡಿ. ಕವರ್ ಆಗಲ್ಲ ಅನ್ನೋದನ್ನ ಇಮೇಲ್‌ನಲ್ಲಿ ಬರೆದು ಕೊಡಿ, ಪಾಲಿಸಿ ಕಾಪಿ ಕಳಿಸಿ ಅಂತ ಕೇಳಿ. ಆರ್ಡರ್ ಕೈಯಲ್ಲಿರಬೇಕಾ, ಲಾಗಿನ್ ಆಗಿದ್ದರೆ ಸಾಕಾ ಅನ್ನೋದು ಪಾಲಿಸಿಯಲ್ಲಿ ಬರೆದಿರುತ್ತೆ. ಚಾಟ್‌ನಲ್ಲಿ ಕೂತವರು ಹೇಳಿದ್ದೇ ಕೊನೆ ಮಾತಲ್ಲ.

ರಾಜಿ ಪತ್ರಕ್ಕೆ ಸಹಿ ಮಾತ್ರ ಹಾಕಬೇಡಿ.

ಕ್ಲೇಮ್ ಕೇಸ್ ವಕೀಲೆ ಬರೆದದ್ದು:

ನಾನು ಬೆಂಗಳೂರಿನಲ್ಲಿ ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನೇ ಹೆಚ್ಚಾಗಿ ನಡೆಸುವವಳು. ಮೇಯೋ ಹಾಲ್ ಕೋರ್ಟಿನ ಕಾರಿಡಾರ್‌ನಲ್ಲಿ ಈಗ ಡೆಲಿವರಿ ಹುಡುಗರನ್ನು ನೋಡದ ದಿನವೇ ಇಲ್ಲ. ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಆ್ಯಪ್ ಇನ್ಶೂರೆನ್ಸ್ ಒಂದು ದಾರಿ ಅಷ್ಟೇ. ಅದಕ್ಕಿಂತ ದೊಡ್ಡ ದಾರಿ ಗುದ್ದಿದ ಕಾರಿನ ಇನ್ಶೂರೆನ್ಸ್. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಇಂಥ ಸಂದರ್ಭಕ್ಕೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನಿಮ್ಮ ತಮ್ಮ ಎಂಎಸಿಟಿಯಲ್ಲಿ, ಅಂದರೆ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಅಲ್ಲಿ ಆರ್ಡರ್ ಮುಗಿದಿತ್ತಾ, ಲಾಗಿನ್ ಆಗಿದ್ದನಾ ಅಂತ ಯಾರೂ ಕೇಳಲ್ಲ. ತಪ್ಪು ಕಾರಿನವರದಾ, ಗಾಯ ಎಷ್ಟು, ದುಡಿಮೆ ಎಷ್ಟು ಹೋಯಿತು, ಇವೇ ಪ್ರಶ್ನೆಗಳು. ಬೈಕ್ ಬಿಳಿ ಬೋರ್ಡ್ ಅನ್ನುವುದೂ ಇಲ್ಲಿ ಅಡ್ಡಿಯಲ್ಲ, ಯಾಕೆಂದರೆ ನೀವು ಕೇಳುತ್ತಿರುವುದು ಕಾರಿನ ಪಾಲಿಸಿಯಿಂದ.

ಕಾರಿನವರಿಗೆ ಇದನ್ನು ಬಿಡಿಸಿ ಹೇಳಿ. ಪಾಲಿಸಿ ಸರಿಯಾಗಿದ್ದರೆ ದುಡ್ಡು ಕೊಡುವುದು ವಿಮಾ ಕಂಪನಿ, ಅವರ ಜೇಬಿನಿಂದ ಹೋಗುವುದಿಲ್ಲ. ಥರ್ಡ್ ಪಾರ್ಟಿ ಕ್ಲೇಮ್‌ನಿಂದ ಅವರ ನೋ ಕ್ಲೇಮ್ ಬೋನಸ್ ಕೂಡ ಹೋಗಲ್ಲ. ಅವರ ಮೇಲೆ ಪೊಲೀಸ್ ಕೇಸ್ ಆಗುತ್ತದೆ, ಅದು ನಿಜ. ಅದರ ಭಯಕ್ಕೇ ಜನ ರಾಜಿಗೆ ಬರುವುದು. ಆದರೆ 24 ವರ್ಷದ ಹುಡುಗನ ಕಾಲಿಗೆ 50 ಸಾವಿರ ಅಂತ ಬರೆದುಕೊಟ್ಟರೆ, ನಾಳೆ ರಾಡ್ ತೆಗೆಸಲು ಇನ್ನೊಂದು ಆಪರೇಷನ್ ಬಂದಾಗ ಯಾರ ಹತ್ತಿರ ಹೋಗುತ್ತೀರಿ? ಅವರು ಒಳ್ಳೆಯವರು ಅನ್ನುವುದಕ್ಕೆ ಕೃತಜ್ಞತೆ ಇರಲಿ, ಸಹಿ ಬೇಡ.

ಎಫ್‌ಐಆರ್ ಇವತ್ತೇ ಮಾಡಿಸಿ. ತಡವಾಗಿದೆ ಅಂತ ಹೆದರಬೇಡಿ. ಗಾಯಾಳುವನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಮನೆಯವರು ಮೊದಲು ಠಾಣೆಗೆ ಓಡಬೇಕು ಅಂತ ನಿರೀಕ್ಷಿಸಲು ಆಗದು, ತಡ ಒಂದನ್ನೇ ಹಿಡಿದು ಅರ್ಜಿಯನ್ನು ಅನುಮಾನಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ರವಿ ಅನ್ನುವವರ ಕೇಸಿನಲ್ಲಿ ಹೇಳಿದೆ. ಆದರೆ ತಡ ಯಾಕಾಯಿತು ಅಂತ ದೂರಿನಲ್ಲೇ ಬರೆಯಬೇಕು. ಆಪರೇಷನ್, ಊರಿಗೆ ಸಾಗಿಸಿದ್ದು, ಕಾರಿನವರು ರಾಜಿ ಮಾತಾಡುತ್ತಿದ್ದದ್ದು, ಎಲ್ಲವನ್ನೂ ಇದ್ದಂತೆ ಬರೆಯಿರಿ. ಬೆಂಗಳೂರಿಗೆ ಬರಲು ಆಗದಿದ್ದರೆ ಹಾಸನದ ಠಾಣೆಯಲ್ಲೇ ಜೀರೋ ಎಫ್‌ಐಆರ್ ಕೇಳಿ. ಅವರು ದಾಖಲಿಸಿಕೊಂಡು ಇಲ್ಲಿನ ಠಾಣೆಗೆ ಕಳಿಸಬೇಕು. ಯಾರೂ ತಗೊಳ್ಳದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಕೇಸ್ ಆದ ಮೇಲೆ ಮಹಜರು, ಸ್ಥಳದ ಸ್ಕೆಚ್, ಗಾಡಿಗಳನ್ನು ಪರೀಕ್ಷೆ ಮಾಡಿ ಕೊಡುವ ಐಎಂವಿ ರಿಪೋರ್ಟ್, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್, ಇವುಗಳ ಪ್ರತಿ ಕೇಳಿ ಪಡೆಯಿರಿ. 2022ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಪೊಲೀಸರೇ 48 ಗಂಟೆಯೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು, 90 ದಿನದೊಳಗೆ ಪೂರ್ತಿ ವರದಿ ಕೊಡಬೇಕು. ಆದರೂ ಅದನ್ನೇ ನಂಬಿ ಕೂರಬೇಡಿ. ಅರ್ಜಿ ನಿಮ್ಮ ಕಡೆಯಿಂದಲೇ ಹೋಗಲಿ.

ಗಡುವು ಆರು ತಿಂಗಳು, ಅಪಘಾತದ ದಿನದಿಂದ. ಈ ಮಿತಿಯನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದಿವೆ. ಅವು ತೀರ್ಮಾನ ಆಗುವವರೆಗೆ ಬರೀ ತಡ ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೆ ಅದರ ಮೇಲೆ ಭಾರ ಹಾಕಿ ನಿಧಾನ ಮಾಡಬೇಡಿ. ನಿಮಗೆ ಇನ್ನೂ ಸಮಯ ಇದೆ, ಅದನ್ನು ಬಳಸಿಕೊಳ್ಳಿ.

ಎಲ್ಲಿ ಹಾಕಬೇಕು ಅನ್ನುವುದು ನಿಮ್ಮ ಇಷ್ಟ. ಅಪಘಾತ ಆದ ಜಾಗ, ಅರ್ಜಿದಾರ ವಾಸ ಇರುವ ಊರು, ಎದುರು ಪಕ್ಷದವರ ಊರು, ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಹಾಸನದಲ್ಲಿ ಹಾಕಿದರೆ ನಿಮಗೆ ಓಡಾಟ ಕಡಿಮೆ. ಆದರೆ ಆಪರೇಷನ್ ಮಾಡಿದ ಡಾಕ್ಟರ್ ಬೆಂಗಳೂರಿನಲ್ಲಿದ್ದಾರೆ, ಅವರು ಸಾಕ್ಷಿ ಹೇಳಬೇಕಾಗುತ್ತದೆ. ಇದನ್ನು ಯೋಚಿಸಿ ತೀರ್ಮಾನ ಮಾಡಿ.

ಈಗ ದುಡ್ಡಿನ ಲೆಕ್ಕ. ಆಸ್ಪತ್ರೆ ಬಿಲ್, ನೋವಿಗೆ, ಮಲಗಿದ್ದ ತಿಂಗಳುಗಳ ದುಡಿಮೆಗೆ, ನೋಡಿಕೊಂಡವರ ಖರ್ಚಿಗೆ, ಓಡಾಟಕ್ಕೆ, ಮುಂದೆ ರಾಡ್ ತೆಗೆಸುವುದಕ್ಕೆ ಬೇರೆ ಬೇರೆಯಾಗಿ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡದು ಶಾಶ್ವತವಾಗಿ ದುಡಿಯುವ ಶಕ್ತಿ ಕಡಿಮೆ ಆದದ್ದಕ್ಕೆ ಬರುವ ಹಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 24 ವರ್ಷದವರಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸಬೇಕಾದ ಸಂಖ್ಯೆ, 18. ತಿಂಗಳಿಗೆ 20 ಸಾವಿರ ದುಡಿಮೆ, 15% ಅಂಗವೈಕಲ್ಯ ಅಂತ ಇಟ್ಟುಕೊಂಡರೆ, ವರ್ಷದ 2 ಲಕ್ಷ 40 ಸಾವಿರವನ್ನು 18ರಿಂದ ಗುಣಿಸಿ ಅದರ 15% ತೆಗೆದರೆ 6 ಲಕ್ಷ 48 ಸಾವಿರ. ಇದು ಉದಾಹರಣೆ, ಭರವಸೆ ಅಲ್ಲ. ಮುಂದೆ ದುಡಿಮೆ ಹೆಚ್ಚಾಗುತ್ತಿತ್ತು ಅನ್ನುವ ಲೆಕ್ಕಕ್ಕೆ 40 ವರ್ಷದೊಳಗಿನವರಿಗೆ 40% ಸೇರಿಸಬೇಕು ಅಂತ ವಾದಿಸಲೂ ದಾರಿ ಇದೆ. ನಿಮ್ಮ ವಕೀಲರಿಗೆ ಕೇಳಿ.

ಆ 15% ಎಲ್ಲಿಂದ ಬರುತ್ತದೆ ಅನ್ನುವಲ್ಲೇ ಇಡೀ ಕೇಸು ನಿಂತಿರುತ್ತದೆ. ಡಾಕ್ಟರ್ ಕಾಲಿಗೆ 45% ಅಂತ ಬರೆದರೆ, ನಮ್ಮಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಅಂತ ಹಿಡಿಯುತ್ತಾರೆ. ಆದರೆ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಕಾಗದದ ಮೇಲಿನ ಶೇಕಡಾವಾರು ನೋಡಿದರೆ ಸಾಲದು, ಆ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು ಅಂತ. ಎಡಗೈ ಹೋದರೆ ಡ್ರೈವರ್‌ಗೋ ಬಡಗಿಗೋ ದುಡಿಮೆಯೇ ಪೂರ್ತಿ ಹೋದ ಹಾಗೆ. ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಕೆಲಸ ಉಳಿಯಬಹುದು. ಆ ತೀರ್ಪಿನ ಉದಾಹರಣೆಯೇ ಅದು.

ಒಂದು ಕೇಸಿನಲ್ಲಿ ಕಂಪನಿ ಪರ ವಕೀಲರು ನನ್ನ ಕಕ್ಷಿದಾರ ಹುಡುಗನನ್ನು ಕೇಳಿದರು: ಇವತ್ತು ಕೋರ್ಟಿಗೆ ನಡೆದುಕೊಂಡೇ ಬಂದಿರಿ ಅಲ್ವಾ? ಹೌದು ಅಂದ. ಯಾರ ಸಹಾಯವೂ ಇಲ್ಲದೆ ಅಲ್ವಾ? ಹೌದು. ಅಷ್ಟಕ್ಕೇ ಅವರು ಕೂತರು. ಡೆಲಿವರಿ ಹುಡುಗನಿಗೆ ನಡೆಯುವುದಲ್ಲ ಕಷ್ಟ. ಲಿಫ್ಟ್ ಕೆಟ್ಟ ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿ ಹತ್ತುವುದು ಕಷ್ಟ. ಸಿಗ್ನಲ್‌ನಲ್ಲಿ ಬಲಗಾಲು ಊರಿ ಬೈಕ್ ತಡೆಯುವುದು ಕಷ್ಟ. ಬ್ರೇಕ್ ಒತ್ತುವುದು ಅದೇ ಕಾಲಲ್ಲಿ. ಇದನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ ದಾಖಲೆಗೆ ತರಬೇಕು. ನಿಮ್ಮ ತಮ್ಮನಿಗೆ ಈಗಿನಿಂದಲೇ ಹೇಳಿ, ಪ್ರತಿ ಸಲ ಚೆಕಪ್‌ಗೆ ಹೋದಾಗ ಏನೇನು ಆಗುತ್ತಿಲ್ಲ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ ಬರೆಸಿಕೊಳ್ಳಲಿ.

ಇನ್ನು ಕಾರ್ಮಿಕ ಪರಿಹಾರ. 1923ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೊರಿಯರ್ ಕಂಪನಿಯಲ್ಲೋ ಕಂಟ್ರಾಕ್ಟರ್ ಹತ್ತಿರವೋ ಸಂಬಳಕ್ಕೆ ಇರುವವರಿಗೆ ಇದು ಬಲವಾದ ದಾರಿ, ಯಾಕೆಂದರೆ ಎದುರಿನವರ ತಪ್ಪು ಸಾಬೀತು ಮಾಡಬೇಕಿಲ್ಲ. ಇಎಸ್‌ಐ ಇದ್ದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ 90% ಅಲ್ಲಿಂದ ಬರುತ್ತದೆ. ಆದರೆ ಆ್ಯಪ್‌ನವರು ಹುಡುಗರನ್ನು ಪಾರ್ಟ್‌ನರ್ ಅಂತ ಕರೆಯುತ್ತಾರೆ, ನೌಕರ ಅಂತ ಒಪ್ಪಲ್ಲ. ಆ ಜಗಳ ಮುಗಿಯುವುದಕ್ಕೆ ಕಾಯುವ ಸ್ಥಿತಿಯಲ್ಲಿ ನೀವಿಲ್ಲ. ನಿಮ್ಮ ಕೇಸಿನಲ್ಲಿ ಎದುರು ಗಾಡಿ ಇದೆ, ನಂಬರ್ ಗೊತ್ತು, ಮಾಲೀಕರು ಗೊತ್ತು. ಆ ದಾರಿ ಹಿಡಿಯಿರಿ. ನೌಕರನಾಗಿದ್ದರೂ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಎರಡೂ ಕಡೆ ಕೇಳುವಂತಿಲ್ಲ.

ಹಾಸನದ ಅಕ್ಕ:

ಮೇಡಂ, ಓದುತ್ತಾ ಅತ್ತೇ ಬಿಟ್ಟೆ. ಅಪ್ಪನಿಗೆ ಕೂರಿಸಿ ಓದಿ ಹೇಳಿದೆ. ಸಹಿ ಹಾಕಲ್ಲ ಅಂತ ಒಪ್ಪಿದ್ದಾರೆ. ಈಗ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದರೆ ಮೇಲೆ ‘ಬೈಕ್ ಸ್ಕಿಡ್ ಆಗಿ ಬಿದ್ದ ಗಾಯ’ ಅಂತ ಇದೆ. ಕಾರಿನ ಮಾತೇ ಇಲ್ಲ. ಸೇರಿಸುವಾಗ ಕಾರಿನವರೇ ಮಾತಾಡಿದ್ದು, ತಮ್ಮ ಪ್ರಜ್ಞೆ ಇದ್ದರೂ ನೋವಲ್ಲಿ ಒದ್ದಾಡುತ್ತಿದ್ದ. ಇದರಿಂದ ತೊಂದರೆ ಆಗುತ್ತಾ? ಮತ್ತೆ, ಆಸ್ಪತ್ರೆಯಲ್ಲಿ ಒಬ್ಬರು ಬಂದು ಕಾರ್ಡ್ ಕೊಟ್ಟು, ಖರ್ಚೆಲ್ಲಾ ನಾವೇ ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂದಿದ್ದರು. ಅವರಿಗೆ ಕೊಡಬಹುದಾ?

ಕ್ಲೇಮ್ ಕೇಸ್ ವಕೀಲೆ:

ತೊಂದರೆ ಆಗುತ್ತದೆ, ಆದ್ದರಿಂದ ಈಗಲೇ ಸರಿ ಮಾಡಿಕೊಳ್ಳೋಣ. ವಿಮಾ ಕಂಪನಿಯವರು ಮೊದಲು ತರಿಸುವುದೇ ಆಸ್ಪತ್ರೆಯ ಕೇಸ್ ಶೀಟ್. ಸ್ಕಿಡ್ ಅಂತ ಇದ್ದರೆ, ಹುಡುಗ ತಾನೇ ಬಿದ್ದ, ಆಮೇಲೆ ಕಾರನ್ನು ತಂದು ಸಿಕ್ಕಿಸಿದರು ಅನ್ನುತ್ತಾರೆ. ಆ ಒಂದು ಸಾಲಿನಿಂದ ನಿಜವಾದ ಕೇಸುಗಳೂ ಬಿದ್ದುಹೋಗಿವೆ.

ಆಸ್ಪತ್ರೆಗೆ ಪತ್ರ ಬರೆದು ಪೂರ್ತಿ ಕೇಸ್ ಶೀಟ್ ಮತ್ತು ಎಂಎಲ್‌ಸಿ ರಿಜಿಸ್ಟರ್‌ನ, ಅಂದರೆ ಪೊಲೀಸ್ ಕೇಸ್ ಆಗುವಂಥ ಗಾಯಗಳನ್ನು ಬರೆದಿಡುವ ಪುಸ್ತಕದ, ಪ್ರತಿ ಕೇಳಿ. ಕ್ಯಾಶುವಾಲ್ಟಿಯಲ್ಲಿ ಮೊದಲು ಬರೆದದ್ದರಲ್ಲಿ ಕಾರಿನ ಮಾತು ಇದ್ದರೂ ಇರಬಹುದು. ಹಿಸ್ಟರಿ, ಅಂದರೆ ಗಾಯ ಹೇಗಾಯಿತು ಅಂತ, ಹೇಳಿದ್ದು ಯಾರು ಅಂತ ಅಲ್ಲೇ ಬರೆದಿರುತ್ತಾರೆ. ಹೇಳಿದ್ದು ಕಾರಿನವರು ಅಂತ ಇದ್ದರೆ ಅದು ನಿಮಗೇ ಬಲ, ಅಲ್ಲಿಗೆ ಕಾರು ಆ ಜಾಗದಲ್ಲಿ ಇತ್ತು ಅನ್ನುವುದೂ ಸಾಬೀತಾಗುತ್ತದೆ. ಅವರು 20 ಸಾವಿರವನ್ನು ಫೋನ್‌ಪೇಯಲ್ಲಿ ಕಳಿಸಿದ್ದರೆ ಅದರ ಸ್ಕ್ರೀನ್‌ಶಾಟ್, ರಾಜಿ ಬಗ್ಗೆ ವಾಟ್ಸಾಪ್ ಮಾಡಿದ್ದರೆ ಆ ಮೆಸೇಜು, ಒಂದನ್ನೂ ಅಳಿಸಬೇಡಿ. ಆ ರಸ್ತೆಯಲ್ಲಿ ಅಂಗಡಿ, ಪೆಟ್ರೋಲ್ ಬಂಕ್ ಇದ್ದರೆ ಸಿಸಿಟಿವಿ ವಿಡಿಯೋ ಉಳಿಸಿಕೊಳ್ಳಲು ಪೊಲೀಸರಿಗೆ ದೂರಿನಲ್ಲೇ ಕೇಳಿ. ವಿಡಿಯೋ ತುಂಬಾ ದಿನ ಇಟ್ಟಿರಲ್ಲ, ನಾಳೆಯೇ ಯಾರಾದರೂ ಹೋಗಿ ವಿಚಾರಿಸಲಿ.

ಕಾರ್ಡ್ ಕೊಟ್ಟವರ ಹತ್ತಿರ ಹೋಗಬೇಡಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ವಕೀಲರು ಫೀಸ್ ಮಾತಾಡುವಂತೆಯೇ ಇಲ್ಲ, ಬಾರ್ ಕೌನ್ಸಿಲ್ ನಿಯಮ ಹಾಗಿದೆ. ಫೀಸ್ ಎಷ್ಟು ಅಂತ ಮೊದಲೇ ಕೇಳಿ, ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ಖಾಲಿ ಚೆಕ್, ಖಾಲಿ ಹಾಳೆಗೆ ಸಹಿ ಹಾಕಬೇಡಿ. ತಮ್ಮನ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಗೂ ಕೊಡಬೇಡಿ, ಪರಿಹಾರ ಬರುವುದು ಅವನ ಖಾತೆಗೇ. ವಕೀಲರನ್ನು ಇಡಲು ಶಕ್ತಿ ಇಲ್ಲ ಅಂದರೆ ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ಕೋರ್ಟ್ ಆವರಣದಲ್ಲೇ ಕೇಳಿದರೆ ತೋರಿಸುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಸೇವಾ ಸಿಂಧು ಸೆಂಟರ್ ನಡೆಸುವವರು ಬರೆದದ್ದು:

ಮೇಡಂ ಹೇಳಿದ್ದರ ಜೊತೆಗೆ ಇದೂ ಇರಲಿ. ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ವಿಮಾ ಯೋಜನೆ ಅಂತ ಇದೆ. ಪ್ರೀಮಿಯಂ ಪೂರ್ತಿ ಸರ್ಕಾರದ್ದು. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 4 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷದವರೆಗೆ, ಅಪಘಾತದ ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಡ್ಯೂಟಿಯಲ್ಲಿ ಇದ್ದಾಗ ಆದರೂ, ಇಲ್ಲದಾಗ ಆದರೂ ಸಿಗುತ್ತದೆ. ನಿಮ್ಮ ತಮ್ಮನಿಗೆ ಆರ್ಡರ್ ಮುಗಿದಿತ್ತು ಅನ್ನುವ ಮಾತು ಇಲ್ಲಿ ಬರಲ್ಲ. ಆದರೆ ಅಪಘಾತಕ್ಕೆ ಮೊದಲೇ ಹೆಸರು ನೋಂದಣಿ ಆಗಿರಬೇಕು. ಅವನ ಫೋನ್‌ನಲ್ಲಿ, ಮೆಸೇಜ್‌ನಲ್ಲಿ ಇ-ಶ್ರಮ್ ಅಥವಾ ನೋಂದಣಿ ನಂಬರ್ ಬಂದಿದೆಯಾ ಹುಡುಕಿ. ಎಷ್ಟೋ ಹುಡುಗರು ಯಾವುದೋ ಕ್ಯಾಂಪ್‌ನಲ್ಲಿ ಹೆಸರು ಬರೆಸಿ ಮರೆತಿರುತ್ತಾರೆ. ಕಾರ್ಮಿಕ ಸಹಾಯವಾಣಿ 155214ಕ್ಕೆ ಕೇಳಿದರೂ ಹೇಳುತ್ತಾರೆ.

2025ರಲ್ಲಿ ಪ್ಲಾಟ್‌ಫಾರ್ಮ್ ಗಿಗ್ ಕಾರ್ಮಿಕರ ಕಾಯ್ದೆಯೂ ಬಂದಿದೆ. ಅದರಲ್ಲಿ ಕಲ್ಯಾಣ ಮಂಡಳಿ ಇದೆ, ಕಂಪನಿಗಳು ಕಾರ್ಮಿಕರಿಗೆ ಕೊಡುವ ಹಣದ ಮೇಲೆ 1%ರಿಂದ 5%ರವರೆಗೆ ಶುಲ್ಕ ಕಟ್ಟಬೇಕು. ಐಡಿ ತೆಗೆದುಹಾಕಬೇಕಾದರೆ 14 ದಿನ ಮೊದಲೇ ಕಾರಣ ಬರೆದು ನೋಟಿಸ್ ಕೊಡಬೇಕು. ತಮ್ಮ ಲಾಗಿನ್ ಆಗಿಲ್ಲ ಅಂತ ಐಡಿ ತೆಗೆದರೆ ಈ ಮಾತು ಎತ್ತಿ.

ಅವನ ಬೈಕ್ ಇನ್ಶೂರೆನ್ಸ್‌ನಲ್ಲಿ ಓನರ್ ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಇರಬಹುದು, ಆದರೆ ಅದು ಸಾವು ಅಥವಾ ಕೈಕಾಲು, ಕಣ್ಣು ಹೋದಂಥದ್ದಕ್ಕೆ. ಮೂಳೆ ಮುರಿತಕ್ಕೆ ಸಿಗಲ್ಲ.

ಕೆ.ಆರ್. ಪುರಂ ರೈಡರ್ ಕೇಳಿದ್ದು:

ಮೇಡಂ, ಗುದ್ದಿದ ಗಾಡಿ ನಿಲ್ಲಿಸದೇ ಹೋದರೆ? ನಂಬರ್ ಯಾರೂ ನೋಡಿಲ್ಲ ಅಂದ್ರೆ? ನಮ್ಮ ರೂಮಿನ ಹುಡುಗನಿಗೆ ಹಾಗಾಗಿ ಕೈ ಮುರಿದಿದೆ.

ಕ್ಲೇಮ್ ಕೇಸ್ ವಕೀಲೆ:

ಅದಕ್ಕೆ 161ನೇ ಸೆಕ್ಷನ್ ಇದೆ. ಗುದ್ದಿ ಓಡಿದ ಕೇಸಿನಲ್ಲಿ ಜೀವ ಹೋದರೆ 2 ಲಕ್ಷ, ಮೂಳೆ ಮುರಿತದಂಥ ತೀವ್ರ ಗಾಯಕ್ಕೆ 50 ಸಾವಿರ. ಕೋರ್ಟಿಗೆ ಹೋಗಬೇಕಿಲ್ಲ. ಅಪಘಾತ ಆದ ತಾಲ್ಲೂಕಿನ ಎಸಿ (ಉಪವಿಭಾಗಾಧಿಕಾರಿ) ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಎಫ್‌ಐಆರ್ ಇಲ್ಲೂ ಬೇಕು. ಮೊತ್ತ ಚಿಕ್ಕದು, ನನಗೂ ಅದು ಸಾಲದು ಅನ್ನಿಸುತ್ತದೆ. ಹಾಗಾಗಿ ಗಾಡಿ ಸಿಗುತ್ತದಾ ಅಂತ ಸಿಸಿಟಿವಿಯನ್ನು ಮೊದಲು ಹುಡುಕಿ. ಗಾಡಿ ಸಿಕ್ಕರೆ 166ರಲ್ಲಿ ಪೂರ್ತಿ ಕೇಳಬಹುದು. ತಪ್ಪು ಯಾರದು ಅಂತ ಸಾಬೀತು ಮಾಡಲು ಕಷ್ಟ ಅನ್ನಿಸಿದರೆ 164ರಲ್ಲಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ನಿಗದಿ ಇದೆ.

ಇನ್ನೊಂದು ವಿಷಯ, ಇದು ನಿಮ್ಮ ರೂಮಿನ ಎಲ್ಲ ಹುಡುಗರಿಗೂ ಹೇಳಿ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತ ಆದವರಿಗೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮೊದಲ 7 ದಿನ, ಒಂದೂವರೆ ಲಕ್ಷದವರೆಗೆ. 112ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಹೆಸರು ಹೇಳುವಾಗಲೇ ಈ ಯೋಜನೆ ಕೇಳಿ. ಡಿಸ್ಚಾರ್ಜ್ ದಿನ ಬಿಲ್ ಕೈಗೆ ಬಂದ ಮೇಲೆ ಕೇಳಿದರೆ ಕಷ್ಟ.

ಹಾಸನದ ಅಕ್ಕ:

ಮೇಡಂ, ಹಾಸನದಲ್ಲೇ ಜೀರೋ ಎಫ್‌ಐಆರ್ ಆಯ್ತು. ಮೊದಲು ಬೆಂಗಳೂರಿಗೇ ಹೋಗಿ ಅಂದರು, ನೀವು ಹೇಳಿದ್ದನ್ನು ಹೇಳಿದ ಮೇಲೆ ಬರೆದುಕೊಂಡರು. ಪ್ರತಿ ಕೈಯಲ್ಲಿದೆ. ಕಾರಿನವರಿಗೂ ನಾನೇ ಫೋನ್ ಮಾಡಿ ಹೇಳಿದೆ. ಮೊದಲು ಕೋಪ ಮಾಡಿಕೊಂಡರು. ಆಮೇಲೆ ಪಾಲಿಸಿ ನಂಬರ್ ವಾಟ್ಸಾಪ್ ಮಾಡಿದ್ದಾರೆ. ಡಾಕ್ಟರ್ ಚೆಕಪ್ ಮುಂದಿನ ವಾರ. ಏನಾದರೂ ವಿಶೇಷವಾಗಿ ಕೇಳಬೇಕಾ?

ಕ್ಲೇಮ್ ಕೇಸ್ ವಕೀಲೆ:

ಒಳ್ಳೆ ಕೆಲಸ ಮಾಡಿದಿರಿ. ಪಾಲಿಸಿಯಲ್ಲಿ ಅಪಘಾತದ ದಿನ ಚಾಲ್ತಿಯಲ್ಲಿತ್ತಾ ಅಂತ ದಿನಾಂಕ ನೋಡಿ. ಡಾಕ್ಟರ್ ಹತ್ತಿರ ಅಂಗವೈಕಲ್ಯದ ಸರ್ಟಿಫಿಕೇಟ್ ಈಗಲೇ ಕೇಳಬೇಡಿ, ಮೂಳೆ ಕೂಡಿದ ಮೇಲೆ ಕೇಳಿ. ಈಗ ಕೇಳಬೇಕಾದದ್ದು ಇಷ್ಟು: ಎಷ್ಟು ತಿಂಗಳು ಕೆಲಸ ಮಾಡುವ ಹಾಗಿಲ್ಲ, ರಾಡ್ ತೆಗೆಸಬೇಕಾ, ಅದಕ್ಕೆ ಅಂದಾಜು ಎಷ್ಟು ಖರ್ಚು. ಮೂರನ್ನೂ ಲೆಟರ್‌ಹೆಡ್‌ನಲ್ಲಿ ಬರೆಸಿ ಸೀಲ್ ಹಾಕಿಸಿ. ಎಕ್ಸ್‌ರೇ ಫಿಲ್ಮ್‌ಗಳನ್ನು ಮಡಿಸಬೇಡಿ, ಕೋರ್ಟಿಗೆ ಅವೇ ಬೇಕು. ಮೆಡಿಕಲ್ ಶಾಪ್ ಬಿಲ್ಲುಗಳ ಅಕ್ಷರ ಬೇಗ ಅಳಿಸಿಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿಡಿ.